ವ್ಯಾಪಾರ ಒಪ್ಪಂದದ ಮೇಜಿನಲ್ಲಿ ಹಾಲು ಕರೆಯುವವರಿಗೆ ಕುರ್ಚಿ ಇದೆಯೇ?

ಬೇರೆ ದೇಶದೊಂದಿಗೆ ಭಾರತ ವ್ಯಾಪಾರ ಒಪ್ಪಂದ ಮಾಡಿಕೊಂಡಿತು ಎಂಬ ಸುದ್ದಿ ಬಂದರೆ ಹಾಲು ಉತ್ಪಾದಕರ ಸಂಘಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಒಂದೇ: "ಹೊರಗಿನ ಹಾಲಿನ ಪುಡಿ ಬರುತ್ತೋ, ಇಲ್ಲವೋ?" ಈ ಪ್ರಶ್ನೆ ಸಹಜ. 2019ರಲ್ಲಿ ಆರ್‌ಸಿಇಪಿ ಒಪ್ಪಂದದ ಮಾತುಕತೆ ನಡೆಯುತ್ತಿದ್ದಾಗ ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ಹಾಲಿನ ಪುಡಿ ಅಗ್ಗದ ದರದಲ್ಲಿ ಬಂದು ಬೀಳಬಹುದೆಂದು ದೇಶದ ಹೈನು ಸಹಕಾರಿಗಳೂ ರೈತ ಸಂಘಟನೆಗಳೂ ಒಟ್ಟಾಗಿ ದನಿ ಎತ್ತಿದವು. ಅದೇ ವರ್ಷದ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಆ ಒಪ್ಪಂದದಿಂದ ಹೊರಗುಳಿಯಿತು. ಆನಂತರದ ಒಪ್ಪಂದಗಳಲ್ಲಿಯೂ ಹಾಲಿಗೆ ರಕ್ಷಣೆ ಮುಂದುವರಿದಿದೆ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲೀಕ್ಟೆನ್‌ಸ್ಟೈನ್ ದೇಶಗಳ ಕೂಟದೊಂದಿಗೆ 2024ರ ಮಾರ್ಚ್ 10ರಂದು ಸಹಿಯಾಗಿ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಒಪ್ಪಂದದಲ್ಲಿ ಹೈನು ಪದಾರ್ಥಗಳನ್ನು ಭಾರತ ಹೊರಗಿಟ್ಟಿದೆ. 2025ರ ಜುಲೈ 24ರಂದು ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಲ್ಲೂ ಹಾಗೆಯೇ.

ಅಲ್ಲಿಗೆ ನಮ್ಮ ಕೆಲಸ ಮುಗಿಯಿತೆಂದು ಪತ್ರಿಕೆ ಮಡಚಿಡುವವರೇ ಹೆಚ್ಚು. ಆದರೆ ಈ ಒಪ್ಪಂದಗಳಲ್ಲಿ ಸುಂಕದ ಪಟ್ಟಿಯ ಆಚೆಗೆ ಇನ್ನೊಂದು ಅಧ್ಯಾಯ ಇರುತ್ತದೆ. ಸರಕನ್ನು ತಯಾರಿಸಿದವರು ಯಾರು, ಅವರಿಗೆ ಸಂಘ ಕಟ್ಟುವ ಹಕ್ಕಿದೆಯೇ, ಮಕ್ಕಳಿಂದ ದುಡಿಸಿಕೊಂಡಿದ್ದಾರೆಯೇ, ನೀರು, ಮಣ್ಣು, ಗಾಳಿ ಏನಾಯಿತು ಎಂದು ಕೇಳುವ ಅಧ್ಯಾಯ ಅದು. ಆ ಪ್ರಶ್ನೆಗಳನ್ನು ಸರ್ಕಾರಗಳ ಜೊತೆಗೆ ಕಾರ್ಮಿಕರು, ರೈತರು, ಪರಿಸರದ ಕೆಲಸ ಮಾಡುವವರೂ ಕೂತು ಚರ್ಚಿಸಬೇಕೆಂಬ ಏರ್ಪಾಡು ಹಲವು ಒಪ್ಪಂದಗಳಲ್ಲಿದೆ. ಅದಕ್ಕೆ ನಾಗರಿಕ ಸಮಾಜದ ಸಂವಾದ ಎಂದು ಹೆಸರು. ಈ ಸಂವಾದ ಹೇಗೆ ನಡೆಯುತ್ತದೆ, ಅದರಿಂದ ಎಲ್ಲಿಯಾದರೂ ಪ್ರಯೋಜನ ಆಗಿದೆಯೇ, ಎರಡು ಹಸು ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಸಂಘಕ್ಕೆ ಹಾಲು ಹಾಕುವವರಿಗೆ ಅದರಲ್ಲಿ ಜಾಗ ಇದೆಯೇ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಈ ಅಧ್ಯಾಯ ಬಂದದ್ದು ಹೇಗೆ?

ವ್ಯಾಪಾರದೊಂದಿಗೆ ಕಾರ್ಮಿಕರ ವಿಷಯವನ್ನು ಜೋಡಿಸಬೇಕೇ ಎಂಬ ವಾದ ಹಳೆಯದು. ವಿಶ್ವ ವ್ಯಾಪಾರ ಸಂಘಟನೆಯ ಸಚಿವರ ಸಭೆ 1996ರಲ್ಲಿ ಸಿಂಗಪುರದಲ್ಲಿ ಸೇರಿದಾಗ ಈ ಜೋಡಣೆಯನ್ನು ಬಲವಾಗಿ ವಿರೋಧಿಸಿದ ದೇಶಗಳಲ್ಲಿ ಭಾರತವೂ ಒಂದು. ಕಾರ್ಮಿಕರ ನೆಪ ಹೇಳಿ ಶ್ರೀಮಂತ ದೇಶಗಳು ಬಡ ದೇಶಗಳ ಸರಕಿಗೆ ಬಾಗಿಲು ಹಾಕಬಾರದು ಎಂಬುದು ನಮ್ಮ ವಾದವಾಗಿತ್ತು. ಕಾರ್ಮಿಕ ಮಾನದಂಡಗಳನ್ನು ನೋಡಿಕೊಳ್ಳುವುದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ, ಅಂದರೆ ಐಎಲ್‌ಒದ ಕೆಲಸ, ಆ ಮಾನದಂಡಗಳನ್ನು ಆಮದು ತಡೆಯುವ ಗೋಡೆಯಾಗಿ ಬಳಸಕೂಡದು ಎಂದು ಆ ಸಭೆಯ ಘೋಷಣೆಯಲ್ಲೇ ಬರೆಯಲಾಯಿತು.

ಎಲ್ಲ ದೇಶಗಳೂ ಕೂರುವ ಸಭೆಯಲ್ಲಿ ಆಗದ್ದು ಎರಡು ದೇಶಗಳ ನಡುವಿನ ಒಪ್ಪಂದಗಳಲ್ಲಿ ನಿಧಾನವಾಗಿ ಒಳಬಂತು. ಅಮೆರಿಕ, ಕೆನಡಾ, ಮೆಕ್ಸಿಕೊ ದೇಶಗಳ 1994ರ ನಾಫ್ಟಾ ಒಪ್ಪಂದಕ್ಕೆ ಕಾರ್ಮಿಕರ ಬಗ್ಗೆ ಒಂದು ಪೂರಕ ಒಪ್ಪಂದ ಸೇರಿತು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ಸ್ ಕೆಲಸಗಾರರು ಸತ್ತಾಗ, ಅಂಗಡಿಯಲ್ಲಿ ಅಗ್ಗದ ಅಂಗಿ ಕೊಳ್ಳುತ್ತಿದ್ದವರೂ ಅದನ್ನು ಹೊಲಿದವರ ಬಗ್ಗೆ ಕೇಳತೊಡಗಿದರು. ಇಂದು ಐರೋಪ್ಯ ಒಕ್ಕೂಟ ಮಾಡಿಕೊಳ್ಳುವ ದೊಡ್ಡ ವ್ಯಾಪಾರ ಒಪ್ಪಂದಗಳಲ್ಲೆಲ್ಲ 'ವ್ಯಾಪಾರ ಮತ್ತು ಸುಸ್ಥಿರ ಅಭಿವೃದ್ಧಿ' ಎಂಬ ಅಧ್ಯಾಯ ಇರುವುದು ರೂಢಿಯಾಗಿದೆ. ಸ್ವಿಟ್ಜರ್ಲೆಂಡ್ ಮೊದಲಾದ ನಾಲ್ಕು ದೇಶಗಳ ಜೊತೆಗಿನ ಒಪ್ಪಂದದಲ್ಲಿ ಭಾರತವೂ ಮೊದಲ ಸಲ ಅಂಥ ಒಂದು ಅಧ್ಯಾಯಕ್ಕೆ ಒಪ್ಪಿದೆ. ಬ್ರಿಟನ್ ಜೊತೆಗಿನ ಒಪ್ಪಂದದಲ್ಲಿ ಕಾರ್ಮಿಕರಿಗೆ ಒಂದು, ಪರಿಸರಕ್ಕೆ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ಐರೋಪ್ಯ ಒಕ್ಕೂಟದೊಂದಿಗೆ 2007ರಲ್ಲಿ ಶುರುವಾಗಿ 2013ರಲ್ಲಿ ನಿಂತು 2022ರಲ್ಲಿ ಮತ್ತೆ ಆರಂಭವಾದ ಮಾತುಕತೆಯಲ್ಲೂ ಈ ವಿಷಯ ಸೇರಿತ್ತು. ಅಂದರೆ ಕಾಲು ಶತಮಾನದ ಹಿಂದೆ ನಾವು ಬಾಗಿಲಾಚೆ ನಿಲ್ಲಿಸಿದ್ದ ವಿಷಯ ಈಗ ಮನೆಯೊಳಗೆ ಬಂದು ಕೂತಿದೆ.

ಸಂವಾದದ ಏರ್ಪಾಡು

ಐರೋಪ್ಯ ಒಕ್ಕೂಟ ಮತ್ತು ದಕ್ಷಿಣ ಕೊರಿಯಾ ನಡುವಿನ ಒಪ್ಪಂದ ಇದಕ್ಕೆ ಒಳ್ಳೆಯ ಉದಾಹರಣೆ. 2010ರ ಅಕ್ಟೋಬರ್‌ನಲ್ಲಿ ಸಹಿಯಾಗಿ 2011ರ ಜುಲೈ 1ರಿಂದ ಅನ್ವಯವಾದ ಈ ಒಪ್ಪಂದದ 13ನೇ ಅಧ್ಯಾಯ ಕಾರ್ಮಿಕರಿಗೂ ಪರಿಸರಕ್ಕೂ ಸಂಬಂಧಿಸಿದ್ದು. ಅದರ ಪ್ರಕಾರ ಎರಡೂ ಕಡೆ ಒಂದೊಂದು ದೇಶೀಯ ಸಲಹಾ ಗುಂಪು ಇರಬೇಕು. ಅದರಲ್ಲಿ ಮಾಲೀಕರ ಸಂಘಟನೆಗಳು, ಕಾರ್ಮಿಕ ಸಂಘಗಳು, ಪರಿಸರ ಮತ್ತಿತರ ಸಂಸ್ಥೆಗಳ ಪ್ರತಿನಿಧಿಗಳು ಸಮತೋಲನವಾಗಿ ಇರಬೇಕು. ಎರಡೂ ಕಡೆಯ ಗುಂಪುಗಳು ವರ್ಷಕ್ಕೊಮ್ಮೆ ಒಂದೆಡೆ ಸೇರುವ ವೇದಿಕೆಗೆ ನಾಗರಿಕ ಸಮಾಜ ವೇದಿಕೆ ಎನ್ನುತ್ತಾರೆ. ಇದರ ಜೊತೆಗೆ ಎರಡೂ ಸರ್ಕಾರಗಳ ಅಧಿಕಾರಿಗಳ ಸಮಿತಿ ಬೇರೆ ಇರುತ್ತದೆ.

ನಮ್ಮ ಸಹಕಾರದ ಭಾಷೆಯಲ್ಲಿ ಹೇಳುವುದಾದರೆ, ಅಧಿಕಾರಿಗಳ ಸಮಿತಿ ಆಡಳಿತ ಮಂಡಳಿ ಇದ್ದ ಹಾಗೆ, ನಾಗರಿಕ ಸಮಾಜ ವೇದಿಕೆ ಸರ್ವ ಸದಸ್ಯರ ಸಭೆ ಇದ್ದ ಹಾಗೆ. ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮ ಮಹಾಸಭೆಯ ನಿರ್ಣಯಕ್ಕೆ ಆಡಳಿತ ಮಂಡಳಿ ತಲೆಬಾಗಬೇಕು. ಆದರೆ ಅಲ್ಲಿ ವೇದಿಕೆ ಅಭಿಪ್ರಾಯ ಕೊಡಬಹುದು, ಪತ್ರ ಬರೆಯಬಹುದು, ಒತ್ತಾಯಿಸಬಹುದು. ಆದೇಶಿಸುವ ಅಧಿಕಾರ ಅದಕ್ಕಿಲ್ಲ. ಮಾತುಕತೆಯಿಂದ ಬಗೆಹರಿಯದ ವಿಷಯವನ್ನು ಮೂವರು ತಜ್ಞರ ಮಂಡಳಿಗೆ ಒಯ್ಯಬೇಕಾದರೂ ಸರ್ಕಾರವೇ ಮುಂದಾಗಬೇಕು.

ಒಂಬತ್ತು ಶಿಕ್ಷಕರು, ಒಂದು ಪತ್ರ

ಒಪ್ಪಂದ ಅನ್ವಯವಾದ ಎರಡು ವರ್ಷಕ್ಕೆ, 2013ರ ಅಕ್ಟೋಬರ್‌ನಲ್ಲಿ, ಕೊರಿಯಾದ ಸರ್ಕಾರ ಸುಮಾರು 60,000 ಸದಸ್ಯರಿದ್ದ ಅಲ್ಲಿನ ಶಿಕ್ಷಕರ ಸಂಘವೊಂದನ್ನು ಕಾನೂನಿನ ಪ್ರಕಾರ ಅದು ಸಂಘವೇ ಅಲ್ಲ ಎಂದು ಘೋಷಿಸಿತು. ಕಾರಣ, ಕೆಲಸದಿಂದ ವಜಾ ಆಗಿದ್ದ ಒಂಬತ್ತು ಶಿಕ್ಷಕರನ್ನು ಆ ಸಂಘ ಸದಸ್ಯರಾಗಿ ಉಳಿಸಿಕೊಂಡಿತ್ತು. ಅಲ್ಲಿನ ಕಾನೂನಿನಂತೆ ಕೆಲಸ ಕಳೆದುಕೊಂಡವನು ಕಾರ್ಮಿಕನಲ್ಲ. ಕಾರ್ಮಿಕನಲ್ಲದವನು ಒಳಗಿದ್ದರೆ ಅದು ಕಾರ್ಮಿಕ ಸಂಘವಲ್ಲ. ಸ್ವಂತ ಲಾರಿ ಇಟ್ಟುಕೊಂಡು ಕಂಪನಿಗಳಿಗೆ ಸರಕು ಸಾಗಿಸುವಂಥವರನ್ನೂ ಸ್ವಯಂ ಉದ್ಯೋಗಿಗಳೆಂದು ಹೇಳಿ ಕಾರ್ಮಿಕ ಎಂಬ ಪದದ ಹೊರಗಿಡಲಾಗುತ್ತಿತ್ತು. ಸಂಘ ಕಟ್ಟುವ ಹಕ್ಕನ್ನು ಹೇಳುವ ಐಎಲ್‌ಒದ 87ನೇ ಒಡಂಬಡಿಕೆ ಮತ್ತು ಸಾಮೂಹಿಕ ಚೌಕಾಶಿಯ ಹಕ್ಕನ್ನು ಹೇಳುವ 98ನೇ ಒಡಂಬಡಿಕೆ, ಎರಡಕ್ಕೂ ಕೊರಿಯಾ ಆಗ ಸಹಿ ಹಾಕಿರಲಿಲ್ಲ. ಆದರೆ ಈ ಒಡಂಬಡಿಕೆಗಳ ತತ್ವಗಳನ್ನು ಗೌರವಿಸುತ್ತೇವೆ, ಅವುಗಳನ್ನು ಅನುಮೋದಿಸಲು ಸತತವಾಗಿ ಪ್ರಯತ್ನಿಸುತ್ತೇವೆ ಎಂದು ವ್ಯಾಪಾರ ಒಪ್ಪಂದದಲ್ಲಿ ಮಾತು ಕೊಟ್ಟಿತ್ತು.

ಯುರೋಪಿನ ಸಲಹಾ ಗುಂಪು ಇದನ್ನೇ ಹಿಡಿದು 2014ರ ಜನವರಿಯಲ್ಲಿ ಐರೋಪ್ಯ ಆಯೋಗಕ್ಕೆ ಪತ್ರ ಬರೆಯಿತು. ಒಪ್ಪಂದದ ಪ್ರಕಾರ ಕೊರಿಯಾ ಸರ್ಕಾರದ ಜೊತೆ ಅಧಿಕೃತ ಸಮಾಲೋಚನೆ ಆರಂಭಿಸಿ ಎಂಬುದು ಅದರ ಬೇಡಿಕೆ. ಆಯೋಗ ತಕ್ಷಣ ಒಪ್ಪಲಿಲ್ಲ. ಪತ್ರದ ಮೇಲೆ ಪತ್ರ, ಸಭೆಯ ಮೇಲೆ ಸಭೆ ನಡೆದು, ಕೊನೆಗೆ ಅಧಿಕೃತ ಸಮಾಲೋಚನೆ ಕೋರಿದ್ದು 2018ರ ಡಿಸೆಂಬರ್ 17ರಂದು, ಅಂದರೆ ಐದು ವರ್ಷ ತುಂಬುತ್ತಾ ಬಂದಾಗ. ಅದರಿಂದಲೂ ಬಗೆಹರಿಯದೆ 2019ರ ಜುಲೈನಲ್ಲಿ ತಜ್ಞರ ಮಂಡಳಿಗೆ ವಿಷಯ ಹೋಯಿತು. ಮಂಡಳಿಯ ವರದಿ ಬಂದದ್ದು 2021ರ ಜನವರಿಯಲ್ಲಿ.

ವಿಚಾರಣೆಯಲ್ಲಿ ಕೊರಿಯಾ ಎತ್ತಿದ ಒಂದು ಆಕ್ಷೇಪ ಗಮನಿಸಬೇಕಾದದ್ದು: ನಮ್ಮ ಕಾರ್ಮಿಕ ಕಾನೂನಿಗೂ ಯುರೋಪಿನೊಂದಿಗಿನ ವ್ಯಾಪಾರಕ್ಕೂ ಏನು ಸಂಬಂಧ? ಮಂಡಳಿ ಈ ಆಕ್ಷೇಪವನ್ನು ಒಪ್ಪಲಿಲ್ಲ. ಕೊಟ್ಟ ಮಾತು ದೇಶದ ಎಲ್ಲ ಕಾರ್ಮಿಕರಿಗೂ ಸಂಬಂಧಿಸಿದ್ದು, ರಫ್ತಿಗೆ ದುಡಿಯುವವರಿಗೆ ಮಾತ್ರ ಅಲ್ಲ ಎಂಬುದು ಅದರ ನಿಲುವು. ಸ್ವಯಂ ಉದ್ಯೋಗಿಗಳನ್ನೂ ಕೆಲಸ ಕಳೆದುಕೊಂಡವರನ್ನೂ ಕಾರ್ಮಿಕ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟದ್ದು, ಅಂಥ ಒಬ್ಬ ಸದಸ್ಯ ಇದ್ದರೂ ಸಂಘವನ್ನೇ ಸಂಘವಲ್ಲ ಎನ್ನುವುದು ಒಪ್ಪಂದಕ್ಕೆ ಹೊಂದುವುದಿಲ್ಲ ಎಂದು ಮಂಡಳಿ ಹೇಳಿತು. ಎಲ್ಲವೂ ಯುರೋಪಿನ ಪರವಾಗಿ ಬಂದದ್ದಲ್ಲ. ಒಡಂಬಡಿಕೆಗಳನ್ನು ಅನುಮೋದಿಸುವ ಪ್ರಯತ್ನದಲ್ಲಿ ಕೊರಿಯಾ ತಪ್ಪಿದೆ ಎಂಬ ದೂರನ್ನು ಮಂಡಳಿ ಒಪ್ಪಲಿಲ್ಲ.

ವರದಿ ಬರುವ ಹೊತ್ತಿಗೆ ಕೊರಿಯಾದ ಒಳಗೂ ಗಾಳಿ ಬದಲಾಗಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಶಿಕ್ಷಕರ ಸಂಘದ ಪರವಾಗಿ ತೀರ್ಪು ನೀಡಿತು. ಡಿಸೆಂಬರ್‌ನಲ್ಲಿ ಸಂಸತ್ತು ಕಾರ್ಮಿಕ ಸಂಘಗಳ ಕಾನೂನು ತಿದ್ದಿ, ವಜಾ ಆದವರೂ ಸದಸ್ಯರಾಗಲು ದಾರಿ ಮಾಡಿತು. 2021ರ ಏಪ್ರಿಲ್ 20ರಂದು ಕೊರಿಯಾ 29, 87 ಮತ್ತು 98ನೇ ಒಡಂಬಡಿಕೆಗಳ ಅನುಮೋದನೆ ಪತ್ರಗಳನ್ನು ಐಎಲ್‌ಒಗೆ ಸಲ್ಲಿಸಿತು. ಒಂದು ವರ್ಷದ ನಂತರ ಅವು ಜಾರಿಗೆ ಬಂದವು. ಈ ಬದಲಾವಣೆಯ ಮುಖ್ಯ ಶ್ರೇಯ ಕೊರಿಯಾದ ಕಾರ್ಮಿಕರಿಗೆ ಸಲ್ಲಬೇಕು. ಹೊರಗಿನ ವೇದಿಕೆ ಅವರ ದನಿಗೆ ಮೈಕು ಹಿಡಿಯಿತು.

ಮಿತಿಗಳನ್ನೂ ತಿಳಿದಿರಬೇಕು

ಪತ್ರದಿಂದ ಅನುಮೋದನೆಯವರೆಗೆ ಏಳು ವರ್ಷ ಹಿಡಿಯಿತು. ಅಷ್ಟರಲ್ಲಿ ಒಂದು ಹೆಣ್ಣು ಕರು ಬೆಳೆದು, ಗಬ್ಬವಾಗಿ, ನಾಲ್ಕು ಸೂಲು ಹಾಲು ಕೊಟ್ಟಿರುತ್ತದೆ. ತಜ್ಞರ ಮಂಡಳಿಯ ವರದಿಯನ್ನು ಪಾಲಿಸದಿದ್ದರೂ ದಂಡವಾಗಲಿ ಸುಂಕದ ಹೆಚ್ಚಳವಾಗಲಿ ಆ ಒಪ್ಪಂದದಲ್ಲಿ ಇರಲಿಲ್ಲ. ಈ ಕೊರತೆಯನ್ನು ನಾಗರಿಕ ಸಂಘಟನೆಗಳು ವರ್ಷಗಟ್ಟಲೆ ಹೇಳಿದ ಮೇಲೆ 2022ರ ಜೂನ್‌ನಲ್ಲಿ ಐರೋಪ್ಯ ಆಯೋಗ ತನ್ನ ನೀತಿ ಬದಲಿಸಿತು. ಮೂಲಭೂತ ಕಾರ್ಮಿಕ ತತ್ವಗಳನ್ನು ಅಥವಾ ಪ್ಯಾರಿಸ್ ಹವಾಮಾನ ಒಪ್ಪಂದವನ್ನು ಗಂಭೀರವಾಗಿ ಮುರಿದರೆ ಕೊನೆಯ ಉಪಾಯವಾಗಿ ವ್ಯಾಪಾರ ನಿರ್ಬಂಧ ಹಾಕಬಹುದೆಂಬ ಷರತ್ತು ಹೈನುಗಾರಿಕೆಯಲ್ಲಿ ನಮಗೆಲ್ಲ ಪರಿಚಿತವಾದ ನ್ಯೂಜಿಲೆಂಡ್ ಜೊತೆಗಿನ ಒಪ್ಪಂದದಲ್ಲಿ ಸೇರಿತು. ಅದು 2024ರ ಮೇ 1ರಿಂದ ಜಾರಿಯಲ್ಲಿದೆ.

ಇನ್ನೊಂದು ಮಿತಿ ಇದಕ್ಕಿಂತ ಕಹಿಯಾದದ್ದು. ವಿಯೆಟ್ನಾಂ ಜೊತೆಗಿನ ಒಪ್ಪಂದ 2020ರ ಆಗಸ್ಟ್ 1ರಿಂದ ಜಾರಿಗೆ ಬಂತು. ಅಲ್ಲಿನ ಸಲಹಾ ಗುಂಪಿನಲ್ಲಿ ಸ್ವತಂತ್ರ ಸಂಸ್ಥೆಗಳಿಗೂ ಜಾಗ ಬೇಕೆಂದು ಕೆಲಸ ಮಾಡುತ್ತಿದ್ದ ಜಾಲದ ಇಬ್ಬರು ಮುಂದಾಳುಗಳನ್ನು 2021ರಲ್ಲಿ ತೆರಿಗೆ ವಂಚನೆ ಆರೋಪದ ಮೇಲೆ ಬಂಧಿಸಿ, ಮುಂದೆ ಜೈಲು ಶಿಕ್ಷೆ ವಿಧಿಸಲಾಯಿತು. ಮೇಜು ಹಾಕಿದ ಮಾತ್ರಕ್ಕೆ ಸಂವಾದ ಆಗುವುದಿಲ್ಲ. ಕೂತವರು ಭಯವಿಲ್ಲದೆ ಮಾತಾಡುವಂತಿರಬೇಕು.

ನೆಪ ಯಾವುದು, ನಿಜ ಯಾವುದು?

ಕಾರ್ಮಿಕರ ಹೆಸರಿನಲ್ಲಿ ನಮ್ಮ ಸರಕಿಗೆ ಅಡ್ಡಗಾಲು ಹಾಕುತ್ತಾರೆ ಎಂಬ ಭಾರತದ ಹಳೆಯ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಶ್ರೀಮಂತ ದೇಶದ ದೊಡ್ಡ ಫಾರಂಗಳಿಗೆ ಸುಲಭವಾದ ಕಾಗದಪತ್ರ ನಮ್ಮ ಕೊಟ್ಟಿಗೆಗೆ ಹೊರೆ. ಆದರೆ ಷರತ್ತು ಹಾಕುವವರು ಯಾವಾಗಲೂ ಅವರೇ, ಕೇಳಿಸಿಕೊಳ್ಳುವವರು ಯಾವಾಗಲೂ ನಾವೇ ಎಂದೇನೂ ಇಲ್ಲ. ಆಮದಾಗುವ ಹಾಲಿನ ಪದಾರ್ಥ ಕೊಟ್ಟ ಹಸುಗಳಿಗೆ ದನ, ಕುರಿ ಮುಂತಾದ ಮೆಲುಕು ಹಾಕುವ ಪ್ರಾಣಿಗಳ ರಕ್ತದ ಪುಡಿ, ಒಳ ಅಂಗಾಂಗ ಅಥವಾ ಮಾಂಸದ ಅಂಶ ಸೇರಿದ ಮೇವು ಹಾಕಿಲ್ಲ ಎಂಬ ಪ್ರಮಾಣಪತ್ರ ಬೇಕೆಂದು ಭಾರತ ಬಹುಕಾಲದಿಂದ ಕೇಳುತ್ತಿದೆ. ನಮ್ಮ ಜನರ ನಂಬಿಕೆಗೆ ಸಂಬಂಧಿಸಿದ ಷರತ್ತು ಇದು. ಅಮೆರಿಕದ ಹೈನು ಉದ್ಯಮಕ್ಕೆ ಇದು ನೆಪವಾಗಿ ಕಂಡಿತು. ಅವರು ತಮ್ಮ ಸರ್ಕಾರಕ್ಕೆ ದೂರು ಕೊಟ್ಟರು. ವೈದ್ಯಕೀಯ ಉಪಕರಣ ತಯಾರಕರ ದೂರೂ ಜೊತೆಗೆ ಸೇರಿ 2018ರಲ್ಲಿ ಭಾರತಕ್ಕೆ ಕೊಡುತ್ತಿದ್ದ ಸುಂಕ ರಿಯಾಯಿತಿಯ ಮರುಪರಿಶೀಲನೆ ಆರಂಭವಾಯಿತು. 2019ರ ಜೂನ್ 5ರಿಂದ ಆ ರಿಯಾಯಿತಿ ನಿಂತಿತು. ರಿಯಾಯಿತಿ ಕಳೆದುಕೊಂಡವರಲ್ಲಿ ಹೈನುಗಾರಿಕೆಗೆ ಸಂಬಂಧವೇ ಇಲ್ಲದ ನಮ್ಮ ರಫ್ತುದಾರರೂ ಇದ್ದರು.

ಅಲ್ಲಿನ ಹಾಲು ಉತ್ಪಾದಕರು ಸಂಘಟಿತರಾಗಿ ತಮ್ಮ ಸರ್ಕಾರದ ಮುಂದೆ ಲಿಖಿತವಾಗಿ ವಿಷಯ ಇಟ್ಟರು, ಅದಕ್ಕೆ ಕಿವಿ ಸಿಕ್ಕಿತು. ಒಬ್ಬರಿಗೆ ನಂಬಿಕೆ ಎನಿಸಿದ್ದು ಇನ್ನೊಬ್ಬರಿಗೆ ಅಡ್ಡಿ ಎನಿಸುವ ಇಂಥ ಜಾಗದಲ್ಲೇ ಸಂವಾದ ಬೇಕಾಗುವುದು. ಆಗ ಮಾತಾಡಬೇಕಾದವರು ಅಧಿಕಾರಿಗಳಷ್ಟೇ ಆದರೆ ಸಾಲದು, ಮೇವು ಹಾಕುವವರೂ ಹಾಲು ಕರೆಯುವವರೂ ಇರಬೇಕು.

ಹಾಲು ಉತ್ಪಾದಕರು ಯಾವ ಸಾಲಿಗೆ ಸೇರುತ್ತಾರೆ?

ಸಲಹಾ ಗುಂಪಿನಲ್ಲಿ ಮಾಲೀಕರ ಸಾಲು, ಕಾರ್ಮಿಕರ ಸಾಲು, ಇತರ ಸಂಸ್ಥೆಗಳ ಸಾಲು ಎಂದು ಮೂರು ಇರುತ್ತವೆ. ಎರಡು ಹಸು ಸಾಕಿರುವ ಹೆಣ್ಣುಮಗಳು ಎಲ್ಲಿ ಕೂರಬೇಕು? ಹಸು ಅವಳದ್ದೇ, ಹಾಗಾಗಿ ಅವಳು ಮಾಲೀಕಳು. ಮುಂಜಾನೆ ಎದ್ದು ಸಗಣಿ ಬಾಚುವುದು, ಮೇವು ಕತ್ತರಿಸುವುದು, ಮೈ ತೊಳೆಯುವುದು, ಕರೆಯುವುದು, ಸಂಘಕ್ಕೆ ಹೊತ್ತೊಯ್ಯುವುದು ಎಲ್ಲವೂ ಅವಳದ್ದೇ, ಹಾಗಾಗಿ ಅವಳೇ ಕಾರ್ಮಿಕಳು. ಅವಳಿಗೆ ಸಂಬಳ ಕೊಡುವವರಿಲ್ಲ, ರಜೆ ಇಲ್ಲ. ಕೊರಿಯಾದಲ್ಲಿ ಸ್ವಂತ ಲಾರಿಯವರನ್ನು ಸುತ್ತಿಕೊಂಡ ತೊಡಕೇ ಇವಳನ್ನೂ ಸುತ್ತಿಕೊಂಡಿದೆ.

ಇದಕ್ಕೆ ಉತ್ತರ ಐಎಲ್‌ಒದಲ್ಲಿ ಬಹಳ ಹಿಂದೆಯೇ ಸಿಕ್ಕಿದೆ, ಅದನ್ನು ಭಾರತವೂ ಒಪ್ಪಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಗ್ರಾಮೀಣ ಕಾರ್ಮಿಕರ ಸಂಘಟನೆಗಳ ಕುರಿತ 1975ರ ಒಡಂಬಡಿಕೆ, ಸಂಖ್ಯೆ 141, ಗ್ರಾಮೀಣ ಕಾರ್ಮಿಕ ಎಂದರೆ ಯಾರೆಂದು ಹೇಳುವಾಗ ಕೂಲಿಯವರ ಜೊತೆಗೆ ಗೇಣಿದಾರ, ಪಾಲುಗಾರ ಮತ್ತು ಸಣ್ಣ ಹಿಡುವಳಿದಾರನನ್ನೂ ಸೇರಿಸುತ್ತದೆ. ಮುಖ್ಯ ಆದಾಯ ಕೃಷಿಯಿಂದ ಬರಬೇಕು, ಮನೆಯವರ ಸಹಾಯದಿಂದ ಅಥವಾ ಆಗೊಮ್ಮೆ ಈಗೊಮ್ಮೆ ಆಳಿಟ್ಟು ತಾವೇ ದುಡಿಯುವವರಾಗಿರಬೇಕು ಎಂಬುದು ಷರತ್ತು. ಇವರಿಗೆಲ್ಲ ತಮಗೆ ಬೇಕಾದ ಸಂಘಟನೆ ಕಟ್ಟಿಕೊಳ್ಳುವ ಹಕ್ಕಿದೆ, ಸರ್ಕಾರ ಅದನ್ನು ಪ್ರೋತ್ಸಾಹಿಸಬೇಕು ಎಂದು ಅದು ಹೇಳುತ್ತದೆ. ಭಾರತ ಇದನ್ನು 1977ರಲ್ಲಿ ಅನುಮೋದಿಸಿತು. ಕೃಷಿ ಕಾರ್ಮಿಕರಿಗೆ ಕೈಗಾರಿಕಾ ಕಾರ್ಮಿಕರಷ್ಟೇ ಸಂಘಟನೆಯ ಹಕ್ಕಿದೆ ಎನ್ನುವ 1921ರ 11ನೇ ಒಡಂಬಡಿಕೆಯನ್ನೂ 1923ರಲ್ಲೇ ಅನುಮೋದಿಸಲಾಗಿತ್ತು. ಆದರೆ ಕೊರಿಯಾ ಪ್ರಕರಣದ ಕೇಂದ್ರದಲ್ಲಿದ್ದ 87 ಮತ್ತು 98ನೇ ಒಡಂಬಡಿಕೆಗಳನ್ನು ಭಾರತ ಅನುಮೋದಿಸಿಲ್ಲ. ಸರ್ಕಾರಿ ನೌಕರರಿಗಿರುವ ನಿರ್ಬಂಧಗಳು ಇದಕ್ಕೆ ಕಾರಣ ಎಂದು ಸರ್ಕಾರ ಹೇಳುತ್ತಾ ಬಂದಿದೆ. ಬಾಲಕಾರ್ಮಿಕ ಪದ್ಧತಿಗೆ ಸಂಬಂಧಿಸಿದ 138 ಮತ್ತು 182ನೇ ಒಡಂಬಡಿಕೆಗಳನ್ನು 2017ರಲ್ಲಿ ಅನುಮೋದಿಸಲಾಯಿತು.

ಯುರೋಪಿನ ರೈತರು ಈ ಜಾಗವನ್ನು ಹೇಗೆ ಗಿಟ್ಟಿಸಿಕೊಂಡರು? ಅಲ್ಲಿ ರೈತ ಸಂಘಟನೆಗಳ ಒಕ್ಕೂಟ ಕೋಪಾ 1958ರಲ್ಲಿ, ಕೃಷಿ ಸಹಕಾರಿಗಳ ಒಕ್ಕೂಟ ಕೊಜೆಕಾ 1959ರಲ್ಲಿ ಹುಟ್ಟಿದವು. ಎರಡೂ ಸೇರಿ ಬ್ರಸೆಲ್ಸ್‌ನಲ್ಲಿ ಒಂದೇ ಕಚೇರಿ ನಡೆಸುತ್ತವೆ. ಕಾನೂನು ಕರಡು ಬಂದರೆ ಅದನ್ನು ಓದಿ ಅಭಿಪ್ರಾಯ ಕೊಡುವವರು ಅಲ್ಲಿದ್ದಾರೆ. ಯುರೋಪಿನ ಆರ್ಥಿಕ ಮತ್ತು ಸಾಮಾಜಿಕ ಸಮಿತಿಯಲ್ಲಿ ಮಾಲೀಕರ ಗುಂಪು, ಕಾರ್ಮಿಕರ ಗುಂಪು ಬಿಟ್ಟು ಮೂರನೆಯ ಗುಂಪಿನಲ್ಲಿ ರೈತರಿಗೂ ಸ್ಥಾನವಿದೆ. ಸಲಹಾ ಗುಂಪುಗಳಿಗೆ ಸದಸ್ಯರು ಹೋಗುವುದು ಹೆಚ್ಚಾಗಿ ಇಂಥ ಕಡೆಯಿಂದಲೇ.

ನಮ್ಮಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಲಹಾ ಗುಂಪು ಎಂಬ ಪದ್ಧತಿ ಇನ್ನೂ ರೂಢಿಯಾಗಿಲ್ಲ. ಸರ್ಕಾರ, ಮಾಲೀಕರು, ಕಾರ್ಮಿಕರು ಒಟ್ಟಿಗೆ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನ 1942ರಲ್ಲೇ ಶುರುವಾದದ್ದು. ಅದರ 46ನೇ ಅಧಿವೇಶನ 2015ರಲ್ಲಿ ನಡೆಯಿತು. ಅಂದರೆ ಒಟ್ಟಿಗೆ ಕೂತು ಮಾತಾಡುವ ಪದ್ಧತಿ ನಮಗೆ ಹೊಸದಲ್ಲ. ಹಳ್ಳಿಯ ಸಂಘ, ಜಿಲ್ಲೆಯ ಒಕ್ಕೂಟ, ರಾಜ್ಯದ ಮಹಾಮಂಡಳ ಎಂಬ ನಮ್ಮ ಮೂರು ಹಂತದ ವ್ಯವಸ್ಥೆಯೂ ಹಳ್ಳಿಯ ಮಾತನ್ನು ಮೇಲಕ್ಕೆ ಒಯ್ಯಲು ಹೇಳಿ ಮಾಡಿಸಿದಂತಿದೆ. ಒಪ್ಪಂದಗಳಲ್ಲಿ ಈ ಅಧ್ಯಾಯಗಳು ಬಂದಿರುವಾಗ, ಅದರ ಸಂವಾದದಲ್ಲಿ ಹೈನು ಸಹಕಾರಿಗಳಿಗೆ ಒಂದು ಕುರ್ಚಿ ಬೇಕೆಂದು ಕೇಳಲು ಇದು ಸರಿಯಾದ ಕಾಲ.

ಕೇಳುವ ಮೊದಲು ನಮ್ಮ ಕೊಟ್ಟಿಗೆ

ಅಂಥ ಮೇಜಿನಲ್ಲಿ ಕೂತವರಿಗೆ ಮರುಪ್ರಶ್ನೆಗಳೂ ಬರುತ್ತವೆ. ಅವುಗಳಲ್ಲಿ ಮೊದಲನೆಯದು ದುಡಿಮೆಯದ್ದು. ಸಂಘದ ಹಾಲು ಪರೀಕ್ಷಕರು ಮತ್ತು ಸಹಾಯಕರು ವರ್ಷದ 365 ದಿನವೂ ಎರಡು ಹೊತ್ತು ಬಾಗಿಲು ತೆರೆಯುತ್ತಾರೆ. ಹಬ್ಬಕ್ಕೂ ಹಾಲು ನಿಲ್ಲುವುದಿಲ್ಲ. ಅವರ ಸಂಬಳ ಎಷ್ಟು, ಭವಿಷ್ಯನಿಧಿ ಇದೆಯೇ, ಟ್ಯಾಂಕರ್ ಚಾಲಕರಿಗೆ, ಶೀತಲೀಕರಣ ಕೇಂದ್ರದ ಗುತ್ತಿಗೆ ಕೆಲಸಗಾರರಿಗೆ ಏನು ಭದ್ರತೆ ಎಂದು ಯಾರಾದರೂ ಕೇಳಿದರೆ ನಮ್ಮ ಲೆಕ್ಕದ ಪುಸ್ತಕ ಉತ್ತರ ಕೊಡುವಂತಿರಬೇಕು. ನಮಗೆ ನ್ಯಾಯದ ದರ ಬೇಕೆಂದು ಕೇಳುವವರು ನಮ್ಮ ಹಾಲು ಅಳೆಯುವವರಿಗೂ ನ್ಯಾಯದ ಸಂಬಳ ಕೊಡಬೇಕು.

ಎರಡನೆಯದು ಹೆಸರಿನದ್ದು. ಕೆಲಸ ಮಾಡುವವರು ಹೆಂಗಸರು, ಸದಸ್ಯತ್ವ ಗಂಡಸರ ಹೆಸರಿನಲ್ಲಿ ಎಂಬ ಸ್ಥಿತಿ ಹಲವು ಮನೆಗಳಲ್ಲಿದೆ. ಚಿಕಿತ್ಸೆಗೆಂದು ಹೋದಾಗ ಹಸು ಯಾವಾಗ ಬೆದೆಗೆ ಬಂತು, ಯಾವ ಮೊಲೆಯಲ್ಲಿ ಗಡ್ಡೆ ಕಟ್ಟಿದೆ, ನಿನ್ನೆ ಎಷ್ಟು ಮೇವು ತಿಂದಿತು ಎಂದು ಹೇಳುವುದು ಬಹುಮಟ್ಟಿಗೆ ಮನೆಯ ಹೆಣ್ಣುಮಗಳು. ಪಾಸ್‌ಬುಕ್ಕಿನಲ್ಲಿ ಅವಳ ಹೆಸರಿಲ್ಲ. ಮಹಾಸಭೆಯಲ್ಲಿ ಹೆಸರಿಲ್ಲದವಳ ಮಾತು ಬ್ರಸೆಲ್ಸ್‌ಗಾಗಲಿ ದೆಹಲಿಗಾಗಲಿ ತಲುಪುವುದು ಹೇಗೆ? ಮಹಿಳಾ ಹಾಲು ಉತ್ಪಾದಕರ ಸಂಘಗಳು ಈ ಕೊರತೆಯನ್ನು ತುಂಬುವ ದಾರಿ ತೋರಿಸಿವೆ. ಉಳಿದ ಸಂಘಗಳಲ್ಲಿಯೂ ಹಾಲು ಕರೆಯುವವರ ಹೆಸರಿಗೇ ಸದಸ್ಯತ್ವ ಕೊಡುವ ಕೆಲಸ ಆಗಬೇಕು.

ಮೂರನೆಯದು ಔಷಧಿಯದ್ದು. ಪಶುವೈದ್ಯನಾಗಿ ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು ಇದೇ. ಬೆಳವಣಿಗೆ ಹೆಚ್ಚಿಸಲು ಆಂಟಿಬಯಾಟಿಕ್ ಬಳಸಬಾರದು, ಮನುಷ್ಯರ ಚಿಕಿತ್ಸೆಗೇ ಮೀಸಲಾದ ಕೆಲವು ಔಷಧಿಗಳನ್ನು ಪ್ರಾಣಿಗಳಿಗೆ ಕೊಡಬಾರದು ಎಂಬ ನಿಯಮವನ್ನು ಐರೋಪ್ಯ ಒಕ್ಕೂಟ ತನ್ನ ರೈತರಿಗೆ ಹಾಕಿದೆ. ತನ್ನಲ್ಲಿಗೆ ಪ್ರಾಣಿಜನ್ಯ ಆಹಾರ ಕಳಿಸುವ ಹೊರ ದೇಶಗಳಿಗೂ 2026ರ ಸೆಪ್ಟೆಂಬರ್ 3ರಿಂದ ಅದನ್ನು ಅನ್ವಯಿಸುತ್ತಿದೆ. ಇದನ್ನು ಹೊರಗಿನವರ ಹೇರಿಕೆ ಎಂದಷ್ಟೇ ನೋಡಬೇಕಿಲ್ಲ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಬಳಕೆಯನ್ನು ಭಾರತವೇ 2019ರಲ್ಲಿ ನಿಷೇಧಿಸಿತು. ರಣಹದ್ದುಗಳ ಸಾವಿಗೆ ಕಾರಣವಾದ ಡೈಕ್ಲೋಫಿನಾಕ್ ಅನ್ನು ಪಶು ಚಿಕಿತ್ಸೆಯಿಂದ 2006ರಲ್ಲೇ ತೆಗೆಯಲಾಯಿತು. ಕೆಚ್ಚಲು ಬಾವಿಗೆ ಚುಚ್ಚುಮದ್ದು ಕೊಡಿಸಿದ ಹಸುವಿನ ಹಾಲನ್ನು ಔಷಧಿಯ ಮೇಲೆ ನಮೂದಿಸಿದ ಅವಧಿ ಮುಗಿಯುವವರೆಗೆ ಸಂಘಕ್ಕೆ ಹಾಕಬಾರದು. ಆ ಹಾಲು ಮೊದಲು ಮುಟ್ಟುವುದು ನಮ್ಮ ಊರಿನ ಮಕ್ಕಳ ಲೋಟವನ್ನೇ.

ಸಂಘಗಳು ಈಗ ಮಾಡಬಹುದಾದ ಕೆಲಸಗಳು

1. ಚಿಕಿತ್ಸೆ ಪಡೆದ ಪ್ರತಿ ರಾಸಿನ ಕಿವಿಯೋಲೆಯ 12 ಅಂಕಿಯ ಸಂಖ್ಯೆ, ಔಷಧಿಯ ಹೆಸರು, ಕೊಟ್ಟ ದಿನಾಂಕ, ಹಾಲು ಮತ್ತೆ ಹಾಕಲು ಶುರುಮಾಡಿದ ದಿನಾಂಕ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ವೈದ್ಯರು ಬಂದು ಹೋದ ಮೇಲೆ ಬರೆಯುವುದು ಎರಡು ನಿಮಿಷದ ಕೆಲಸ.

2. ಪರೀಕ್ಷಕರು, ಸಹಾಯಕರ ಸಂಬಳ ಮತ್ತು ಸೌಲಭ್ಯವನ್ನು ವಾರ್ಷಿಕ ಮಹಾಸಭೆಯ ವಿಷಯಪಟ್ಟಿಯಲ್ಲಿ ಪ್ರತ್ಯೇಕವಾಗಿ ಸೇರಿಸಿ.

3. ನಿಜವಾಗಿ ಹಾಲು ಉತ್ಪಾದಿಸುವ ಹೆಣ್ಣುಮಕ್ಕಳ ಹೆಸರಿಗೆ ಸದಸ್ಯತ್ವ ಮತ್ತು ಬ್ಯಾಂಕ್ ಖಾತೆ ಮಾಡಿಸಲು ಮನೆಯವರನ್ನು ಒಪ್ಪಿಸಿ.

4. ಹೊಸ ವ್ಯಾಪಾರ ಒಪ್ಪಂದದ ಮಾತುಕತೆ ನಡೆಯುವಾಗ ಸುಂಕದ ಜೊತೆಗೆ, ಕಾರ್ಮಿಕರು ಮತ್ತು ಪರಿಸರದ ಅಧ್ಯಾಯದ ಸಂವಾದದಲ್ಲಿ ಹೈನು ಸಹಕಾರಿಗಳಿಗೆ ಪ್ರಾತಿನಿಧ್ಯ ಕೊಡಬೇಕೆಂದು ಮಹಾಸಭೆಯಲ್ಲಿ ನಿರ್ಣಯ ಮಾಡಿ ಒಕ್ಕೂಟಕ್ಕೆ ಕಳಿಸಿ. ನಿರ್ಣಯದ ಪ್ರತಿ ಸಂಘದ ಕಡತದಲ್ಲಿ ಇರಲಿ.

ಕೊನೆಯ ಅಂಶ ಕೆಲವರಿಗೆ ನಗು ತರಿಸಬಹುದು. ನಮ್ಮ ಹಳ್ಳಿಯ ನಿರ್ಣಯ ದೆಹಲಿಯಲ್ಲಿ ಯಾರು ಓದುತ್ತಾರೆ ಎನ್ನಬಹುದು. ಕೊರಿಯಾದ ಸಂಗತಿಯಲ್ಲೂ ಮೊದಲ ಐದು ವರ್ಷ ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಆದರೆ ದಿನಾಂಕ ಹಾಕಿದ ಪತ್ರ ಕಡತದಲ್ಲಿತ್ತು. ವಿಷಯ ತಜ್ಞರ ಮುಂದೆ ಬಂದಾಗ ಇದು ನಿನ್ನೆ ಹುಟ್ಟಿದ ದೂರು ಎನ್ನಲು ಯಾರಿಗೂ ಆಗಲಿಲ್ಲ. ಹನಿಹನಿ ಕೂಡಿದರೆ ಹಳ್ಳ ಎಂಬುದನ್ನು ಹಾಲಿನವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಈ ಸಲದ ಮಹಾಸಭೆಯ ನಡಾವಳಿ ಪುಸ್ತಕದಲ್ಲಿ ಈ ಒಂದು ನಿರ್ಣಯಕ್ಕೂ ಅರ್ಧ ಪುಟ ಜಾಗ ಮಾಡಿಕೊಡಿ.